ಅಪ್‌ಡೇಟ್: ಮುದುಡುತ್ತಿದ್ದ ಹವಳ ಈಗ ಅರಳುತ್ತಿದೆ

ಮನೆಯ ಉಪ್ಪುನೀರಿನ ಅಕ್ವೇರಿಯಂ ತೊಟ್ಟಿಯ ನೀರು ಬದಲಿಸಿದಾಗಲೆಲ್ಲ ನನ್ನ ಹ್ಯಾಮರ್ ಹವಳ (ಸುತ್ತಿಗೆಯಾಕಾರದ ತುದಿಗಳಿರುವ ಜೀವಂತ ಹವಳ) ಎರಡು ದಿನ ಮುದುಡಿಕೊಂಡೇ ಇರುತ್ತದೆ, ಏಕೆ ಎಂದು ಕಳೆದ ತಿಂಗಳು ಕೇಳಿದ್ದೆ. ಹೊಸ ನೀರಿನ ಉಷ್ಣಾಂಶ ಅಳೆದು ನೋಡಿ ಎಂದು ಒಬ್ಬರು ಹೇಳಿದ್ದರು. ಗುರಿ ತಪ್ಪಲಿಲ್ಲ. ಚಿಕ್ಕಮಗಳೂರಿನ ಈ ಮಳೆಯಲ್ಲಿ ರಾತ್ರಿಯಿಡೀ ಬಚ್ಚಲಲ್ಲಿಟ್ಟ ಬಕೆಟ್ಟಿನ ನೀರು 19 ಡಿಗ್ರಿ, ತೊಟ್ಟಿಯೊಳಗೆ 26! ಹಂಡೆಯ ಬಿಸಿನೀರಿಲ್ಲದೆ ಸ್ನಾನಕ್ಕಿಳಿಯದ ನಾನು ಹವಳಕ್ಕೆ ಮಾತ್ರ ತಣ್ಣೀರು ಸುರಿಯುತ್ತಿದ್ದೆ.

ಈಗ ಆರ್‌ಒ ಫಿಲ್ಟರ್ ನೀರಿಗೆ ಅಕ್ವೇರಿಯಂನ ಸಮುದ್ರ ಉಪ್ಪು ಬೆರೆಸಿ, ಹೀಟರ್ ಮತ್ತು ಸಣ್ಣ ಪಂಪ್ ಹಾಕಿ ಒಂದು ದಿನ ಬಿಡುತ್ತೇನೆ. ಉಷ್ಣಾಂಶ 26, ಉಪ್ಪಿನಂಶ ತಿಳಿಸುವ ಸಾಪೇಕ್ಷ ಸಾಂದ್ರತೆ 1.025 ಬಂದ ಮೇಲೆಯೇ ತೊಟ್ಟಿಗೆ. ಒಮ್ಮೆಗೆ ಶೇ 10ರಷ್ಟು ಮಾತ್ರ, ಅದೂ ಹವಳದ ಮೇಲೆ ನೇರವಾಗಿ ಬೀಳದಂತೆ ಸಣ್ಣ ಕೊಳವೆಯಿಂದ. ತೊಟ್ಟಿಯ ಹೀಟರನ್ನು ಮೊದಲೇ ಆರಿಸುತ್ತೇನೆ. ನೀರಿಳಿದಾಗ ಬಿಸಿ ಗಾಜು ಹೊರಗೆ ಉಳಿದು ಒಂದು ಹೀಟರ್ ಒಡೆದದ್ದನ್ನು ಕಳೆದ ಸಲ ಹೇಳಲು ನಾಚಿಕೆಯಾಗಿತ್ತು.

ಜೊಯಾಂಥಿಡ್‌ಗಳಿಗೆ (ಹವಳದ ಹತ್ತಿರದ ಸಂಬಂಧಿಗಳಾದ, ಗುಂಪಾಗಿ ಬೆಳೆಯುವ ಕಡಲಜೀವಿಗಳಿಗೆ) ಬರಿಗೈ ಹಾಕಬೇಡಿ ಎಂಬ ಎಚ್ಚರಿಕೆ ಅತಿಯಾಯಿತು ಎಂದುಕೊಂಡಿದ್ದೆ. ಅವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಕಡುವಿಷ ಇರಬಹುದೆಂದು ತಿಳಿದ ಮೇಲೆ ಕೈಗವಸು, ಕನ್ನಡಕ ಎರಡೂ ಮನೆಗೆ ಬಂದಿವೆ.

ಮೂರು ಬಾರಿ ನೀರು ಬದಲಿಸಿದ್ದಾಯಿತು. ನಿನ್ನೆಯಂತೂ ಹ್ಯಾಮರ್ ಒಂದೇ ಗಂಟೆಯಲ್ಲಿ ಅರಳಿತು. ಕರೆಂಟ್ ಹೋದಾಗಿನ ಚಿಂತೆ ಮಾತ್ರ ಬಾಕಿ. ಸದ್ಯಕ್ಕೆ ಬ್ಯಾಟರಿಯ ಗಾಳಿ ಪಂಪ್ ತಂದಿಟ್ಟಿದ್ದೇನೆ.