ಪದಚರ್ಚೆ: ಗಚ್ಚು, ಗಾರೆ, ಗಿಲಾವ್ – ಮೂರೂ ಒಂದೇನಾ?

ಎಲ್ಲರಿಗೂ ನಮಸ್ಕಾರ.

ಕಟ್ಟಡದ ಸುಣ್ಣದ ಕೆಲಸಕ್ಕೆ ಸೇರಿದ ಪದಗಳ ತಕರಾರೊಂದನ್ನು ತಂದಿದ್ದೇನೆ. ವಿಜಯಪುರದ ಹಳೆ ಕಟ್ಟಡಗಳ ಬಗ್ಗೆ ಶಾಲೆ ಮಕ್ಕಳಿಗಾಗಿ ಹದಿನಾರು ಪುಟದ ಪುಸ್ತಿಕೆಯೊಂದನ್ನು ಬರೆದುಕೊಟ್ಟಿದ್ದೆ. ಕರಡು ತಿದ್ದೋಕೆ ಬೆಂಗಳೂರಿಗೆ ಹೋಯಿತು. ವಾಪಸ್ ಬಂದಾಗ ನೋಡಿದರೆ ನಾನು ‘ಗಚ್ಚು’ ಎಂದು ಬರೆದ ಹನ್ನೊಂದು ಕಡೆಯೂ ‘ಗಾರೆ’ ಆಗಿತ್ತು. ‘ಗಚ್ಚಿ’ ಇದ್ದಲ್ಲಿ ‘ತಾರಸಿ’. ‘ಗೌಂಡಿ’ ಇದ್ದಲ್ಲಿ ‘ಗಾರೆ ಕೆಲಸದವನು’. ಅಂಚಿನಲ್ಲಿ ಕೆಂಪು ಶಾಯಿಯ ಟಿಪ್ಪಣಿ ಬೇರೆ: ಗಚ್ಚು ಪಾರ್ಸಿ ಪದ, ಗಾರೆ ನಮ್ಮದು, ಅರ್ಥ ಒಂದೇ, ಹಾಗಾಗಿ ನಮ್ಮದನ್ನೇ ಇಟ್ಟುಕೊಳ್ಳೋಣ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ, ಇಲ್ಲಿ ಎರಡು ಕಣ್ಣಲ್ಲೂ ಇರುವುದು ಸುಣ್ಣವೇ. ಆದರೂ ಒಂದಕ್ಕೆ ಬೆಣ್ಣೆ ಸಿಕ್ಕಿಬಿಟ್ಟಿದೆ.

ಮೂಲದ ಮಾತು ಬೇಗ ಮುಗಿಸುತ್ತೇನೆ. ಗಾರೆಗೆ ತಮಿಳಿನಲ್ಲಿ ‘ಕಾರೈ’ ಇದೆ, ತೆಲುಗಿನಲ್ಲಿ ‘ಗಾರ’ ಇದೆ. ನಮ್ಮ ಬಳಗದ ಪದ, ಒಪ್ಪಿದೆ. ಪಾರ್ಸಿಯಲ್ಲಿ ‘ಗಚ್’ ಇದೆ, ಅದೂ ನಿಜ. ಅಲ್ಲಿ ಅದು ಜಿಪ್ಸಂನಿಂದ ಮಾಡಿದ ಬಿಳಿ ಲೇಪ. ಅದರ ಮೇಲೆ ಹೂಬಳ್ಳಿ ಕೊರೆಯುವ ಕೆಲಸಕ್ಕೆ ಅವರು ‘ಗಚ್‌ಬೊರಿ’ ಅನ್ನುತ್ತಾರೆ. ನಮ್ಮ ಕಡೆ ಅದೇ ಕೆಲಸ ಸುಣ್ಣದಲ್ಲಿ ನಡೆಯಿತು. ಹೆಸರು ದೂರದ್ದು, ಮಾಲು ಇಲ್ಲಿಯದೇ. ‘ಗಿಲಾವ್’ ಕೂಡ ಅದೇ ದಾರಿಯದು. ‘ಗಿಲ್’ ಅಂದರೆ ಮಣ್ಣು, ‘ಆಬ್’ ಅಂದರೆ ನೀರು. ಕೆಸರು ಅಂತ ಹೊರಟ ಪದ ಮರಾಠಿಯಲ್ಲಿ ‘ಗಿಲಾವಾ’ ಆಗಿ ನಮ್ಮಲ್ಲಿ ಲೇಪದ ಹೆಸರಾಗಿ ಗೋಡೆಗೆ ಅಂಟಿಕೊಂಡಿದೆ.

ಪರಭಾಷೆಯದು ಅಂತ ಗಚ್ಚನ್ನು ತೆಗೆದವರು ಅದೇ ಕೈಯಲ್ಲಿ ‘ತಾರಸಿ’ ತಂದು ಕೂರಿಸಿದ್ದಾರೆ. ಅದು ‘ಟೆರೇಸ್’ ಅಲ್ವಾ! ಇರಲಿ. ನನ್ನ ತಕರಾರು ಮೂಲದ್ದಲ್ಲ. ‘ಅರ್ಥ ಒಂದೇ’ ಅನ್ನುವ ಮಾತಿನ ಮೇಲೆ.

ಹೋದ ಬೇಸಿಗೆಯಲ್ಲಿ ನಮ್ಮ ಅಜ್ಜನ ಕಾಲದ ಮನೆಯ ಗಚ್ಚಿ ಸೋರೋಕೆ ಶುರುವಾಯಿತು. ಅದಕ್ಕೂ ಎರಡು ವರ್ಷ ಮುಂಚೆ ಯಾರದೋ ಮಾತು ಕೇಳಿ ಅದರ ಮೇಲೆ ಸಿಮೆಂಟ್ ಹಾಕಿಸಿದ್ದೆ. ಒಂದೇ ಮಳೆಗಾಲಕ್ಕೆ ಅದು ಬಿಟ್ಟುಕೊಂಡಿತು. ವಿಜಯಪುರದ ಬಿಸಿಲು ನಿಮಗೆ ಗೊತ್ತು. ಸುಣ್ಣ ಬಿಸಿಗೆ ಸ್ವಲ್ಪ ಹಿಗ್ಗುತ್ತದೆ, ಕುಗ್ಗುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಕೂತ ಸಿಮೆಂಟ್ ಬಿರುಸು. ಅದು ಜಗ್ಗುವುದೂ ಇಲ್ಲ, ಉಸಿರು ಬಿಡುವುದೂ ಇಲ್ಲ. ಬಿರುಕು ಬಿಟ್ಟು, ಆ ಬಿರುಕಲ್ಲಿ ನೀರು ಇಳಿಯಿತು. ಕೊನೆಗೆ ಸುಣ್ಣದ ಕೆಲಸ ಬಲ್ಲ ಒಬ್ಬ ವಯಸ್ಸಾದ ಗೌಂಡಿಯನ್ನು ಹುಡುಕಿ ಕರೆತಂದೆ. ಕಾಕಾ ಅಂತಲೇ ಕರೆಯುತ್ತಿದ್ದೆ.

ಕಾಕಾ ಮೊದಲು ಮಾಡಿದ್ದು ಸಿಮೆಂಟ್ ಕಿತ್ತದ್ದು. ಅದರ ಜೊತೆ ಹಳೆ ಗಚ್ಚಿನ ಒಂದು ಚೂರೂ ಎದ್ದು ಬಂತು. ಅಂಗೈಯಗಲ, ಹೆಬ್ಬೆರಳಿನ ದಪ್ಪ. ಅಡ್ಡಕ್ಕೆ ಹಿಡಿದು ನೋಡಿದರೆ ಮೂರು ಪದರ. ಕೆಳಗಿನದರಲ್ಲಿ ಜೋಳದ ಕಾಳಿನಷ್ಟು ದೊಡ್ಡ ಇಟ್ಟಿಗೆ ಚೂರುಗಳು, ಕೆಂಪಗೆ. ನಡುವಿನದು ಬೂದು, ಮರಳು ಕೂಡಿದ್ದು. ಅದರಲ್ಲಿ ಎರಡು ಮೂರು ಎಳೆ ನಾರು, ಪುಂಡಿ ನಾರಿನ ಹಾಗೆ. ಮೇಲಿನದು ಮೊಟ್ಟೆಯ ಸಿಪ್ಪೆಯಷ್ಟು ತೆಳ್ಳಗೆ, ಬೆಳ್ಳಗೆ, ಬೆರಳಾಡಿಸಿದರೆ ನುಣ್ಣಗೆ ಜಾರುತ್ತದೆ. ಕಾಕಾ ಅದನ್ನು ಉಗುರಿನಿಂದ ತಟ್ಟಿದರು. ಠಣ್ ಅಂತು. ‘ಇದ ನೋಡ್ರಿ ಗಚ್ಚ’ ಅಂದರು.

ಪಕ್ಕದಲ್ಲಿ ಅವರ ಹುಡುಗ ಹೊಸದಾಗಿ ಕಲಸುತ್ತಿದ್ದ. ಅದನ್ನು ತೋರಿಸಿ, ಹಂಗಾದ್ರ ಇದು ಅಂತ ಕೇಳಿದೆ.

‘ಅದು ಗಾರಿ. ಹಸೀದ ಇರೂತನಾ ಗಾರೀರಿ ಅಕ್ಕಾರ. ಕಲಸೂದು ಗಾರಿ, ಬಡಿಯೂದು ಗಿಲಾವ, ಒಣಗಿ ಕಲ್ಲಾದ ಮ್ಯಾಲ ಗಚ್ಚ.’

‘ಹಸಿ ಗಚ್ಚ ಅನ್ನೂದಿಲ್ಲೇನ ಕಾಕಾ?’

‘ಹಸಿ ರೊಟ್ಟಿ ಅಂತಾರೇನ್ರಿ? ಹಸೀದಿದ್ದಾಗ ಅದು ಹಿಟ್ಟ!’

ಇದಕ್ಕಿಂತ ಚೆನ್ನಾಗಿ ಯಾವ ನಿಘಂಟು ಹೇಳೀತು? ಮೂರು ಪದ ಮೂರು ಹಂತಕ್ಕೆ. ಆ ಹಂತಗಳು ಸುಮ್ನೆ ಮಾತಿಗೆ ಮಾಡಿಕೊಂಡವೂ ಅಲ್ಲ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಟ್ಟರೆ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಹೋಗುತ್ತದೆ. ಉಳಿದದ್ದಕ್ಕೆ ನೀರು ಹಾಕಿದರೆ ಬುಸುಗುಟ್ಟಿ, ಕುದ್ದು, ಅರಳುತ್ತದೆ. ಅದಕ್ಕೆ ಮರಳೋ ಇಟ್ಟಿಗೆ ಪುಡಿಯೋ ಸೇರಿಸಿ ಅರೆದರೆ ಗಾರೆ. ಇಟ್ಟಿಗೆ ಪುಡಿಗೆ ಸುರ್ಕಿ ಅನ್ನುತ್ತಾರೆ. ಪಾರ್ಸಿಯಲ್ಲಿ ‘ಸುರ್ಖ್’ ಅಂದರೆ ಕೆಂಪು. ಸುರ್ಕಿ ಗಾರೆ ನಮ್ಮ ಕಡೆಯದಷ್ಟೇ ಅಲ್ಲ, ಮಂಡ್ಯದ ಕನ್ನಂಬಾಡಿ ಕಟ್ಟೆ ನಿಂತಿರುವುದೂ ಅದರ ಮೇಲೆಯೇ. ಗೋಡೆಗೆ ಬಳಿದ ಮೇಲೆ ಗಾರೆ ಗಾಳಿಯಲ್ಲಿನ ಅದೇ ಕಾರ್ಬನ್ ಡೈಆಕ್ಸೈಡನ್ನು ನಿಧಾನಕ್ಕೆ ವಾಪಸ್ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ, ದಪ್ಪವಿದ್ದರೆ ವರ್ಷಗಟ್ಟಲೆ. ಕೊನೆಗೆ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ‘ಕಲ್ಲಾದ ಮ್ಯಾಲ’ ಅಂತ ಕಾಕಾ ಅಂದದ್ದು ಹೋಲಿಕೆ ಅಲ್ಲ, ನಡೆಯುವ ಸಂಗತಿಯೇ ಅದು.

ಅರೆಯುವ ಮಾತು ಬಂತು. ಹಳೆ ಕಾಲದಲ್ಲಿ ಇದಕ್ಕೆ ಗಾಣವೇ ಇತ್ತು. ನೆಲದಲ್ಲಿ ದುಂಡನೆಯ ಕಲ್ಲಿನ ಕಾಲುವೆ, ಅದರಲ್ಲಿ ಉರುಳುವ ಕಲ್ಲಿನ ಗಾಲಿ, ಸುತ್ತ ನಡೆಯುವ ಎತ್ತು. ಕಾಕಾ ಚಿಕ್ಕವರಿದ್ದಾಗ ಅವರ ಕೆಲಸ ಆ ಎತ್ತಿನ ಹಿಂದೆ ಸುತ್ತುವುದು. ಗಾರೆ ಜಿಗುಟು ಬರಲಿ ಅಂತ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು, ಬಿಲ್ವದ ಕಾಯಿಯ ತಿರುಳು ಹಾಕುವುದೂ ಇತ್ತು. ನಮ್ಮ ಗಚ್ಚಿಗೆ ಬೆಲ್ಲ, ಅಳಲೆ ಎರಡೂ ಬಿದ್ದವು. ಇರುವೆ ಬಂದಾವು ಅಂತ ನಮ್ಮ ಮನೆಯವರಿಗೆ ಒಂದೇ ಚಿಂತೆ. ಬರಲಿಲ್ಲ.

ಇಷ್ಟು ಕೇಳಿಕೊಂಡು ನನ್ನ ಪುಸ್ತಿಕೆಗೆ ವಾಪಸ್ ಬಂದೆ. ಕಾಕಾನ ಲೆಕ್ಕ ಎಲ್ಲ ಕಡೆ ಕೂರುತ್ತದಾ ನೋಡೋಣ ಅಂತ.

ಜುಮ್ಮಾ ಮಸೀದಿಯ ನೆಲದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಾಪೆಯಷ್ಟು ಜಾಗ ಗುರುತು ಮಾಡಿ ಕಪ್ಪು ಗೆರೆ ಎಳೆದಿದ್ದಾರೆ. ಎರಡು ಸಾವಿರಕ್ಕೂ ಜಾಸ್ತಿ ಚೌಕಗಳು. ಆ ನೆಲ ಗಚ್ಚಿನದು. ಅದನ್ನು ‘ಗಾರೆ ನೆಲ’ ಅಂತ ತಿದ್ದಿದ್ದಾರೆ. ದಕ್ಷಿಣದವರಿಗೆ ‘ಗಾರೆ ನೆಲ’ ರೂಢಿಯ ಮಾತು, ನನಗೂ ಗೊತ್ತು. ಆದರೆ ನಮ್ಮ ಊರಿನ ಹುಡುಗ ಅದನ್ನು ಓದಿದರೆ, ಕಾಲಿಟ್ಟರೆ ಅಂಟೀತು ಅಂದುಕೊಳ್ಳುತ್ತಾನೆ.

ಆದಿಲ್‌ಶಾಹಿ ಕಟ್ಟಡಗಳ ಕಮಾನು ನೋಡಿದ್ದೀರಲ್ಲ. ಕಮಾನಿನ ಎರಡು ಹೆಗಲ ಮೇಲೆ ಒಂದೊಂದು ದುಂಡನೆಯ ಪದಕ, ಅದನ್ನು ಕೆಳಗಿನಿಂದ ಎತ್ತಿ ಹಿಡಿದ ಬಾಗಿದ ಚಾಚು. ಎಷ್ಟೋ ಕಡೆ ಇದು ಕಲ್ಲಲ್ಲ, ಗಚ್ಚು. ಹಸಿ ಇರುವಾಗಲೇ ಒತ್ತಿ, ಕೊರೆದು, ಒಣಗಲು ಬಿಟ್ಟದ್ದು. ಇಲ್ಲಿ ನಾನೇ ಸಿಕ್ಕಿಹಾಕಿಕೊಂಡೆ. ಕೊರೆಯುವಾಗ ಅದು ಗಾರೆ, ಇವತ್ತು ನೋಡುವಾಗ ಗಚ್ಚು. ‘ಗಾರೆಯಲ್ಲಿ ಕೊರೆದ ಗಚ್ಚಿನ ಹೂವು’ ಅಂತ ಬರೆದೆ. ಸ್ವಲ್ಪ ಎಳೆದ ಹಾಗಾಯಿತು, ಆದರೆ ತಪ್ಪಿಲ್ಲ.

ಗೋಳಗುಮ್ಮಟದಲ್ಲಿ ಮಾತ್ರ ಕಾಕಾನ ಲೆಕ್ಕ ತಪ್ಪಿತು. ಮುಹಮ್ಮದ್ ಆದಿಲ್‌ಶಾಹನ ಈ ಗೋರಿಯ ಗುಮ್ಮಟ ಇಟ್ಟಿಗೆಯದು. ಒಳಗಿನ ವ್ಯಾಸ ಸುಮಾರು 38 ಮೀಟರ್. ಇಟ್ಟಿಗೆಗಳ ನಡುವೆ ದಪ್ಪಗೆ ಸುಣ್ಣ ತುಂಬಿದ್ದಾರೆ. ಅದು ಒಣಗಿ ಮುನ್ನೂರೈವತ್ತು ವರ್ಷ ದಾಟಿತು. ಹಾಗಾದರೆ ಅದೂ ಗಚ್ಚಾ? ಮಾರನೇ ದಿನ ಕೇಳಿದೆ. ಕಾಕಾ ಕರಣೆ ಕೆಳಗಿಟ್ಟು ಯೋಚನೆ ಮಾಡಿದರು. ‘ಒಳಗಿಂದು ಗಾರೀನ್ರಿ. ಮಾರಿ ತೋರಿಸೂದು ಗಚ್ಚ.’ ಅಂದರೆ ಬರೀ ಹಸಿ-ಒಣ ಅಲ್ಲ. ಬೆಸೆಯುವ ಕೆಲಸ ಗಾರೆಯದು, ಹೊರಮೈ ಆಗುವ ಕೆಲಸ ಗಚ್ಚಿನದು. ನಾನು ಎಂಬತ್ತು ಭಾಗ ಒಪ್ಪಿದ್ದೇನೆ. ಉಳಿದ ಇಪ್ಪತ್ತಕ್ಕೆ ನಿಮ್ಮ ಮಾತು ಬೇಕು.

ಬಾಗಲಕೋಟೆ ಕಡೆ ಹೋದರೆ ಈ ಜಗಳವೇ ಇಲ್ಲ. ಐಹೊಳೆ, ಪಟ್ಟದಕಲ್ಲಿನ ಚಾಲುಕ್ಯರ ಗುಡಿಗಳಲ್ಲಿ ಮರಳುಗಲ್ಲಿನ ಮೇಲೆ ಮರಳುಗಲ್ಲು ಕೂತಿದೆ, ನಡುವೆ ಗಾರೆಯ ಮಾತೇ ಇಲ್ಲ. ಕಲ್ಲಿನ ಮೈಯನ್ನು ಅಷ್ಟು ಸಮ ಮಾಡಿ, ಭಾರದ ಮೇಲೆಯೇ ನಿಲ್ಲಿಸಿದ್ದಾರೆ. ಆದರೆ ಬಾದಾಮಿಯ ಮೂರನೇ ಗುಹೆಯಲ್ಲಿ, ಅಲ್ಲಿರುವ ಮಂಗಲೇಶನ ಶಾಸನ 578ರದು, ಸೂರಿನ ಒಳಬಾಗಿನಲ್ಲಿ ಬಣ್ಣದ ಚಿತ್ರಗಳ ಅಳಿದುಳಿದ ತುಣುಕುಗಳಿವೆ. ಅವು ನೇರ ಕಲ್ಲಿನ ಮೇಲಿಲ್ಲ, ತೆಳುವಾದ ಒಂದು ಲೇಪದ ಮೇಲಿವೆ. ವಿಜಯಪುರದ ಹತ್ತಿರದ ಕುಮಟಗಿಯ ನೀರಮಹಲಿನ ಗೋಡೆಗಳಲ್ಲೂ ಚಿತ್ರಗಳಿವೆ.

ಇಲ್ಲಿ ಇನ್ನೊಂದು ತೊಡಕು. ಗೋಡೆಯ ಮೇಲಿನ ಚಿತ್ರವನ್ನೆಲ್ಲ ಒಂದೇ ಹೆಸರಲ್ಲಿ ‘ಫ್ರೆಸ್ಕೊ’ ಅಂದುಬಿಡುತ್ತೇವೆ. ನಿಜವಾಗಿ ಫ್ರೆಸ್ಕೊ ಅಂದರೆ ಹಸಿ ಲೇಪದ ಮೇಲೆ, ಬರೀ ನೀರಲ್ಲಿ ಕಲಸಿದ ಬಣ್ಣ. ಲೇಪ ಕಲ್ಲಾಗುವಾಗ ಬಣ್ಣವೂ ಅದರೊಳಗೆ ಸೇರಿಹೋಗುತ್ತದೆ. ಒಣಗಿದ ಮೇಲೆ ಅಂಟು ಬೆರೆಸಿದ ಬಣ್ಣದಲ್ಲಿ ಬರೆದದ್ದು ಬೇರೆ ವಿಧಾನ, ಅದು ಹಕ್ಕಳೆಯಾಗಿ ಏಳುತ್ತದೆ. ಒಂದು ಕಡೆ ಫ್ರೆಸ್ಕೊಗೆ ‘ಹಸಿಗಚ್ಚಿನ ಚಿತ್ರ’ ಅಂತ ಬರೆದದ್ದು ಓದಿದೆ. ಕಾಕಾನಿಗೆ ಹೇಳಿದರೆ ಮತ್ತೆ ರೊಟ್ಟಿ ಹಿಡಿದು ಬರುತ್ತಾರೆ. ನನ್ನ ಪ್ರಕಾರ ಮೊದಲನೆಯದು ‘ಹಸಿಗಾರೆ ಚಿತ್ರ’, ಎರಡನೆಯದು ‘ಗಚ್ಚಿನ ಮೇಲಿನ ಚಿತ್ರ’. ಎರಡು ಪದವನ್ನೂ ಉಳಿಸಿಕೊಂಡರೆ ಈ ವ್ಯತ್ಯಾಸ ಪುಕ್ಕಟೆ ಸಿಗುತ್ತದೆ. ಒಂದನ್ನು ಅಳಿಸಿದರೆ ಅದನ್ನು ಹೇಳೋಕೆ ಒಂದು ಸಾಲು ಬೇಕು.

ಗಚ್ಚಿಯ ವಿಚಾರ ಬೇರೆ. ನಮ್ಮ ಹಳೆ ಓಣಿಯಲ್ಲಿ ಮಣ್ಣು ಹೊದಿಸಿದ ಚಪ್ಪಟೆ ಸೂರಿಗೆ ‘ಮಾಳಿಗೆ’ ಅನ್ನುತ್ತಾರೆ. ಮರದ ತೊಲೆ, ಮೇಲೆ ಕಟ್ಟಿಗೆ, ಅದರ ಮೇಲೆ ಸವಳು ಮಣ್ಣು, ನಡುವೆ ಒಂದು ಬೆಳಕಿಂಡಿ. ದಕ್ಷಿಣದಲ್ಲಿ ಮಾಳಿಗೆ ಅಂದರೆ ಮಹಡಿ. ಇಲ್ಲಿ ಹಾಗಲ್ಲ. ಸೂರಿನ ಮೇಲೆ ಸುಣ್ಣದ ಗಚ್ಚು ಹಾಕಿದರೆ ಮಾತ್ರ ಅದು ಗಚ್ಚಿ. ಹಾಗಾಗಿ ‘ಅವರದು ಗಚ್ಚಿ ಮನೆ’ ಅಂದರೆ ಕೈಯಲ್ಲಿ ನಾಲ್ಕು ಕಾಸಿದ್ದವರು ಅಂತ ಅರ್ಥ. ಬೆಳಗಾವಿಯಲ್ಲಿ ಮರಾಠಿಯ ಒಡನಾಟ ಜಾಸ್ತಿ. ಅಲ್ಲಿ ಗಚ್ಚಿ ಅಂದರೆ ಮೇಲ್ಛಾವಣಿ, ಅಷ್ಟೇ. ನನ್ನ ಅತ್ತಿಗೆ ನಾಲ್ಕು ಮಹಡಿಯ ಅಪಾರ್ಟ್‌ಮೆಂಟಿನ ಕಾಂಕ್ರೀಟ್ ಸ್ಲ್ಯಾಬ್ ಮೇಲೆ ನಿಂತು ‘ಗಚ್ಚಿ ಮ್ಯಾಲ ಸಂಡಗಿ ಇಟ್ಟೇನಿ’ ಅನ್ನುತ್ತಾಳೆ. ಹಿಡಿ ಸುಣ್ಣವೂ ಇಲ್ಲ ಅಲ್ಲಿ! ಹೈದರಾಬಾದಿನ ಗಚ್ಚಿಬೌಲಿಗೆ ಹೋದ ನಮ್ಮ ಹುಡುಗರಿಗೆ ಅದು ನಮ್ಮ ಗಚ್ಚಿನ ಬಾವಿಯೇ ಅಂತ ಹೊಳೆಯುವುದೂ ಇಲ್ಲ. ಇನ್ನು ಗಚ್ಚಿನಮಠ, ಗೌಂಡಿ, ಸುಣಗಾರ ಅನ್ನುವ ಅಡ್ಡಹೆಸರುಗಳು ನಮ್ಮ ಹಾಜರಿ ಪುಸ್ತಕದಲ್ಲೇ ಇವೆ. ಅವನ್ನೂ ತಿದ್ದುತ್ತಾರಾ?

ಸುಣ್ಣದ ಮಾತಲ್ಲಿ ಇದೊಂದು ಹೇಳದೆ ಇರಲಾರೆ. ಸಂಸ್ಕೃತದ ‘ಸುಧಾ’ ಅಂದರೆ ಅಮೃತವೂ ಹೌದು, ಸುಣ್ಣವೂ ಹೌದು. ಹಳಗನ್ನಡದ ‘ಸೊದೆ’ ಅದರದೇ ರೂಪ. ಸುಧೆ ಬಳಿದದ್ದು ‘ಸೌಧ’. ಅಂದರೆ ಬೆಳಗಾವಿಯ ಸುವರ್ಣ ವಿಧಾನಸೌಧದ ಹೆಸರಿನಲ್ಲೂ ಒಂದು ಕೈ ಸುಣ್ಣ ಇದೆ. ಬೆಂಗಳೂರಿನದಂತೂ ಗ್ರಾನೈಟ್ ಮೈಯದು, ಹೊರಗೆ ಸುಣ್ಣ ಕಾಣದೆಯೂ ಸೌಧ.

‘ಗಾರೆಗಚ್ಚು’, ‘ಗಚ್ಚುಗಾರೆ’ ಅಂತ ಜೋಡಿಸಿ ಬರೆಯುವವರಿದ್ದಾರೆ. ಗೋಪುರದ ಬೊಂಬೆಗಳ ಬಗ್ಗೆ ಬರೆಯುವಾಗ ಇದು ಜಾಸ್ತಿ. ಜಗಳ ತಪ್ಪಿಸೋಕೆ ಒಳ್ಳೆಯ ಉಪಾಯ. ಆದರೆ ಗಾರೆಯಿಂದ ಆದ ಗಚ್ಚೋ, ಎರಡೂ ಒಂದೇ ಅಂತ ಸೇರಿಸಿದ್ದೋ, ತಿಳಿಯುವುದಿಲ್ಲ. ನನಗೆ ಇಷ್ಟವಿಲ್ಲ.

ಈಗ ನಿಮ್ಮ ಸರದಿ. ಜಮಖಂಡಿ, ಮುಧೋಳ, ಅಥಣಿ, ಇಂಡಿ ಕಡೆಯವರು ನಿಮ್ಮೂರ ಗೌಂಡಿಗಳನ್ನು ಕೇಳಿ ಹೇಳಿ. ಹಸೀದಕ್ಕೆ ಏನಂತಾರೆ, ಒಣಗಿದ್ದಕ್ಕೆ ಏನಂತಾರೆ? ಕೋಲಾರ, ತುಮಕೂರಿನವರು ‘ಗಚ್ಚು’ ಅಂದರೆ ಏನು ಅಂದುಕೊಳ್ಳುತ್ತೀರಿ? ಇನ್ನೊಂದು: ಗಚ್ಚಿನ ಮೇಲ್ಪದರವನ್ನು ನುಣುಪು ಕಲ್ಲಿನಿಂದ ಗಂಟೆಗಟ್ಟಲೆ ಉಜ್ಜಿ ಹೊಳಪು ತರುತ್ತಾರಲ್ಲ, ಅದಕ್ಕೆ ಹಿಂದಿಯವರು ‘ಘೋಟಾಯಿ’ ಅನ್ನುತ್ತಾರೆ. ಕಾಕಾ ‘ತಿಕ್ಕೂದು’ ಅಂದರು, ಪಾತ್ರೆಗೂ ಅದೇ, ಗಚ್ಚಿಗೂ ಅದೇ. ಅದಕ್ಕೇ ಅಂತ ಬೇರೆ ಪದ ನಿಮ್ಮಲ್ಲಿ ಇದ್ದರೆ ಕಳಿಸಿ. ಕರಡು ಸೋಮವಾರ ಹೋಗಬೇಕು. ಹನ್ನೊಂದರಲ್ಲಿ ಹತ್ತು ಕಡೆ ಗಚ್ಚನ್ನು ವಾಪಸ್ ತಂದಿದ್ದೇನೆ. ಒಂದು ಕಡೆ ಗಾರೆಯನ್ನೇ ಬಿಟ್ಟೆ. ಅಲ್ಲಿ ಎತ್ತು ಇನ್ನೂ ಗಾಣ ಸುತ್ತುತ್ತಿದೆ.