ತಂಗಿಗೆ ಗ್ರಿನೆಲ್ ಕಾಲೇಜಲ್ಲಿ ಸೀಟು ಸಿಕ್ಕಿದೆ, ಬಿ.ಎ. ಅಂತ ಮನೇಲಿ ಒಪ್ತಿಲ್ಲ, ಅಲ್ಲಿ ಓದಿದವ್ರು ಯಾರಾದ್ರೂ ಇದೀರಾ?

ತುಂಗಾತೀರ:
ನಮಸ್ಕಾರ ಎಲ್ರಿಗೂ. ನಾವು ಶಿವಮೊಗ್ಗ ಕಡೆಯವ್ರು. ತಂಗಿ ಈ ವರ್ಷ ಪಿಯುಸಿ ಮುಗಿಸಿದಾಳೆ, ಪಿಸಿಎಂಬಿ. ಅಮೆರಿಕದ ಅಯೋವಾ ರಾಜ್ಯದ ಗ್ರಿನೆಲ್ ಅನ್ನೋ ಸಣ್ಣ ಕಾಲೇಜಲ್ಲಿ ಸೀಟು ಸಿಕ್ಕಿದೆ, ಖರ್ಚಲ್ಲಿ ಬಹುಪಾಲು ಕಾಲೇಜಿನವ್ರೇ ಏಡ್ ಕೊಡ್ತಾರಂತೆ. ಅವಳಿಗೆ ಖುಷಿಯೋ ಖುಷಿ, ಆದ್ರೆ ಲೆಟರಲ್ಲಿ ಬ್ಯಾಚುಲರ್ ಆಫ್ ಆರ್ಟ್ಸ್ ಅಂತ ಓದಿದ ಕೂಡ್ಲೇ ಅಪ್ಪನ ಮುಖ ಸಪ್ಪಗಾಯ್ತು, ಬಿ.ಎ. ಓದೋಕೆ ಅಷ್ಟು ದೂರ ಯಾಕೆ, ಇಲ್ಲೇ ಸಿಇಟಿ ಸೀಟಲ್ಲಿ ಇಂಜಿನಿಯರಿಂಗ್ ಸೇರ್ಸೋಣ ಅಂತಾರೆ. ನೆಂಟರಲ್ಲಿ ಒಬ್ರೂ ಆ ಹೆಸರೇ ಕೇಳಿಲ್ಲ. ಮೇ 1ರೊಳಗೆ ಉತ್ತರ ಕೊಡ್ಬೇಕು. ಅಲ್ಲಿ ಓದು ನಿಜವಾಗ್ಲೂ ಹೆಂಗಿರತ್ತೆ?

ಹೊಲದಂಚು:
ನಾನು ಅಲ್ಲೇ ಓದಿದ್ದು, ಮುಗ್ಸಿ ಐದು ವರ್ಷ ಆಯ್ತು. ಮೊದ್ಲು ಅಪ್ಪನ ವಿಷ್ಯ. ಗ್ರಿನೆಲ್‌ನಲ್ಲಿ ಫಿಸಿಕ್ಸ್ ಓದಿ, ಕಂಪ್ಯೂಟರ್ ಸೈನ್ಸ್ ಓದಿ, ಇತಿಹಾಸ ಓದಿ, ಕೊಡೋ ಡಿಗ್ರಿ ಒಂದೇ, ಬಿ.ಎ. ನಮ್ಮ ಕಡೆ ಆರ್ಟ್ಸ್ ಅಂದ್ರೆ ಏನಂದ್ಕೋತೀವೋ ಅದಲ್ಲ. ಕಂಪ್ಯೂಟರ್ ಚಿಪ್ ಮಾಡೋ ಇಂಟೆಲ್ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ರು ರಾಬರ್ಟ್ ನೊಯ್ಸ್, 1949ರಲ್ಲಿ ಅಲ್ಲಿಂದ್ಲೇ ಬಿ.ಎ. ಮಾಡಿ ಆಮೇಲೆ ಅಮೆರಿಕದ್ದೇ ಹೆಸರಾಂತ ಎಂಐಟಿಗೆ ಪಿಎಚ್‌ಡಿಗೆ ಹೋದವ್ರು. ಇವತ್ತಿನ ಚಿಪ್‌ಗಳಿಗೆಲ್ಲ ಮೂಲವಾದ ಟ್ರಾನ್ಸಿಸ್ಟರ್ ಆಗಷ್ಟೇ ಹುಟ್ಟಿದ್ದ ಕಾಲ, ಗ್ರಾಂಟ್ ಗೇಲ್ ಅನ್ನೋ ಫಿಸಿಕ್ಸ್ ಮೇಷ್ಟ್ರು ಜೋಳದ ಹೊಲಗಳ ನಡುವಿನ ಆ ಊರಿಗೇ ಅದನ್ನ ತರಿಸ್ಕೊಂಡು ಪಾಠ ಮಾಡಿದ್ರು, ನೊಯ್ಸ್ ಅವ್ರ ಶಿಷ್ಯ. ಇದನ್ನ ಅಪ್ಪಂಗೆ ಹೇಳಿ.

ಇನ್ನು ಓದು. ಇಡೀ ಕಾಲೇಜಲ್ಲಿ ಸುಮಾರು 1,700 ಜನ. ಎಲ್ರಿಗೂ ಕಡ್ಡಾಯ ಅಂತ ಇರೋದು ಒಂದೇ ಕೋರ್ಸು, ಮೊದಲ ಸೆಮಿಸ್ಟರಿನ ಟ್ಯುಟೋರಿಯಲ್. ಒಂದು ಮೇಜಿನ ಸುತ್ತ ಕೂರೋಷ್ಟು ಹುಡುಗ್ರು, ಒಬ್ರು ಪ್ರೊಫೆಸರ್, ಓದೋದು ಬರೆಯೋದು ಮಾತಾಡೋದು. ಮೇಜರ್, ಅಂದ್ರೆ ಮುಖ್ಯವಾಗಿ ಓದೋ ವಿಷ್ಯ, ಆರಿಸ್ಕೊಳ್ಳೋವರೆಗೂ ಆ ಪ್ರೊಫೆಸರೇ ಅಡ್ವೈಸರ್, ಯಾವ ಕೋರ್ಸ್ ತಗೋಬೇಕು ಅಂತ ಅವ್ರ ಜೊತೆ ಕೂತೇ ತೀರ್ಮಾನ ಮಾಡೋದು. ನಾನು ಮೊದಲ ಪೇಪರನ್ನ ಪಿಯುಸಿ ಉತ್ತರ ಪತ್ರಿಕೆ ಥರ ಪಾಯಿಂಟ್ ಹಾಕಿ ಬರ್ದಿದ್ದೆ. ವಾಪಸ್ ಬಂದಾಗ ಎರಡನೇ ಪುಟದ ಅಂಚಲ್ಲಿ ಪೆನ್ಸಿಲಲ್ಲಿ ಸಣ್ಣಕ್ಕೆ, ಇದು ಪುಸ್ತಕದ ಮಾತು, ನಿನ್ನ ಮಾತು ಯಾವ್ದು ಅಂತ ಬರ್ದಿತ್ತು. ಅವ್ರ ರೂಮಲ್ಲಿ ಮುಕ್ಕಾಲು ಗಂಟೆ ಕೂತೆ, ಒಂದು ವಾಕ್ಯವನ್ನೂ ತಿದ್ದಿಕೊಡ್ಲಿಲ್ಲ, ಯಾಕೆ ಯಾಕೆ ಅಂತ ಕೇಳ್ತಾನೇ ಹೋದ್ರು, ಎದ್ದು ಬರೋ ಹೊತ್ತಿಗೆ ಪೂರ್ತಿ ಮತ್ತೆ ಬರೀಬೇಕು ಅಂತ ನಂಗೇ ಹೊಳೆದಿತ್ತು. ಹದಿನೆಂಟು ವರ್ಷದಲ್ಲಿ ನೀನೇನಂತೀಯ ಅಂತ ನನ್ನ ಯಾವ ಮೇಷ್ಟ್ರೂ ಹಂಗೆ ಕೂರಿಸ್ಕೊಂಡು ಕೇಳಿರ್ಲಿಲ್ಲ.

ಕ್ಯಾಂಪಸ್ ಮಧ್ಯದಲ್ಲೇ ರೈಲು ಹಳಿ ಹೋಗತ್ತೆ, ಗೂಡ್ಸ್ ಗಾಡಿ ಬಂದ್ರೆ ಹಳಿ ಪಕ್ಕ ನಿಂತು ಕಾಯ್ಬೇಕು, ಎಷ್ಟೋ ಗೆಳೆತನ ಅಲ್ಲೇ ಶುರುವಾಗಿದ್ದು.

ಮಂಜುಹನಿ:
ನಾನು ಓದ್ತಿರೋದು ಇನ್ನೊಂದು ರಾಜ್ಯದ ಇಂಥದ್ದೇ ಸಣ್ಣ ಕಾಲೇಜಲ್ಲಿ, ಹೆಸರು ಬೇಡ. ಮೇಲಿನವ್ರು ಹೇಳಿದ್ದು ನಿಜ, ಆದ್ರೆ ಕಷ್ಟನೂ ಗೊತ್ತಿರ್ಲಿ. ಹತ್ತೇ ಜನ ಇರೋ ಕ್ಲಾಸಲ್ಲಿ ಒಂದಿನ ಓದದೇ ಹೋದ್ರೂ ಎಲ್ರಿಗೂ ಗೊತ್ತಾಗತ್ತೆ, ಹಿಂದಿನ ಬೆಂಚು ಅಂತ ಇಲ್ವೇ ಇಲ್ಲ. ನಂಗೆ ಬೇಕಿದ್ದ ಒಂದು ಮ್ಯಾಥ್ಸ್ ಕೋರ್ಸು ವರ್ಷ ಬಿಟ್ಟು ವರ್ಷ ಮಾತ್ರ ಇರೋದು, ತಪ್ಪೋಯ್ತು. ಮೊದಲ ಡಿಸೆಂಬರಲ್ಲಿ ಹಾಸ್ಟೆಲ್ ಮುಚ್ತಾರೆ ಅನ್ನೋದೇ ನಂಗೆ ತಡವಾಗಿ ತಿಳೀತು, ಕೊನೆಗೆ ರೂಮ್‌ಮೇಟ್ ಅವ್ರ ಮನೆಗೆ ಕರ್ಕೊಂಡು ಹೋದ್ಳು. ರಜೇಲಿ ಎಲ್ಲಿರ್ಬೇಕು ಅಂತ ಈಗ್ಲೇ ಮೇಲ್ ಹಾಕಿ ಕೇಳಿ. ಇನ್ನೊಂದು, ತಂಗಿಗೆ ಬೇಕಾಗಿರೋದು ಇಂಜಿನಿಯರಿಂಗೇ ಆದ್ರೆ ಗ್ರಿನೆಲ್‌ನಲ್ಲಿ ಆ ಮೇಜರ್ ಇಲ್ಲ, ಅವಳನ್ನೇ ಕೂರಿಸ್ಕೊಂಡು ಕೇಳಿ.

ಕಾಫಿಬೀಜ:
ಕೆಲ್ಸದ ಬಗ್ಗೆ ಹೇಳ್ತೀನಿ. ಎಫ್-1 ಅನ್ನೋ ಸ್ಟೂಡೆಂಟ್ ವೀಸಾದಲ್ಲಿ ಕ್ಲಾಸ್ ನಡೆಯೋವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆವರೆಗೆ ಕೆಲ್ಸ ಮಾಡ್ಬಹುದು. ಓದು ಮುಗಿದ್ಮೇಲೆ 12 ತಿಂಗಳು ಓಪಿಟಿ, ಅಂದ್ರೆ ಓದಿದ್ದಕ್ಕೆ ಸಂಬಂಧಪಟ್ಟ ಕೆಲ್ಸ ಅಲ್ಲೇ ಮಾಡೋಕೆ ಅನುಮತಿ, ಮೇಜರ್ ಸ್ಟೆಮ್ (ಸೈನ್ಸ್, ಟೆಕ್ನಾಲಜಿ, ಇಂಜಿನಿಯರಿಂಗ್, ಮ್ಯಾಥ್ಸ್) ಪಟ್ಟಿಲಿದ್ರೆ ಇನ್ನೂ 24 ತಿಂಗಳಿಗೆ ಅರ್ಜಿ ಹಾಕ್ಬಹುದು. ಬಿ.ಎ.ನೋ ಬಿ.ಎಸ್ಸಿನೋ ಅಂತ ನೋಡಲ್ಲ, ಮೇಜರ್‌ನ ಕೋಡ್ ನೋಡ್ತಾರೆ.

ತುಂಗಾತೀರ:
ತುಂಬಾ ಥ್ಯಾಂಕ್ಸ್. ರಾತ್ರಿ ಊಟ ಆದ್ಮೇಲೆ ಎಲ್ಲಾ ಜೋರಾಗಿ ಓದಿ ಹೇಳ್ದೆ. ಅಪ್ಪ ಇಂಟೆಲ್ ವಿಷ್ಯಕ್ಕೆ ಹ್ಞೂಂ ಅಂದ್ರು ಅಷ್ಟೇ, ಪೆನ್ಸಿಲಲ್ಲಿ ಬರ್ದಿದ್ದನ್ನ ಮಾತ್ರ ಎರಡು ಸಲ ಓದಿಸ್ಕೊಂಡ್ರು. ಆಮೇಲೆ ತಂಗಿನ ಕರೆದು ನಿಂಗೆ ಏನು ಓದ್ಬೇಕು ಅಂತಿದೆ ಅಂತ ಕೇಳಿದ್ರು, ಹನ್ನೊಂದರವರೆಗೂ ಇಬ್ರೂ ಜಗಲಿ ಮೇಲೇ ಕೂತಿದ್ರು. ರಜೆ ವಿಷ್ಯ ಇವತ್ತೇ ಮೇಲ್ ಮಾಡ್ತಾಳೆ. ಅಮ್ಮ ಕೇಳ್ತಿದಾರೆ, ಚಳಿ ಎಷ್ಟಿರತ್ತೆ, ಅನ್ನ ಸಿಗತ್ತಾ?

ಹೊಲದಂಚು:
ಜನವರೀಲಿ ಮೈನಸ್ ಇಪ್ಪತ್ತಕ್ಕೆ ಇಳಿದಿದ್ದೂ ಉಂಟು. ಹಾಸ್ಟೆಲ್‌ಗಳ ಉದ್ದಕ್ಕೂ ಮಾಡು ಹಾಕಿದ ನಡೆದಾರಿ ಇದೆ, ಅದ್ರಿಂದ ಎಷ್ಟೋ ವಾಸಿ. ದಪ್ಪ ಜಾಕೆಟ್ ಬೆಂಗ್ಳೂರಲ್ಲಿ ತಗೋಬೇಡಿ, ಅಲ್ಲೇ ಹೋಗಿ ತಗೊಳ್ಳಿ. ಅನ್ನ ಸಿಗತ್ತೆ, ಸಾರು ಸಿಗಲ್ಲ. ಸಾರಿನ ಪುಡಿ, ಚಟ್ನಿಪುಡಿ ಅಮ್ಮನ ಕೈಲೇ ಪ್ಯಾಕ್ ಮಾಡ್ಸಿ, ಎರಡು ಪಟ್ಟು ಹಾಕಿ ಅಂತ ಹೇಳಿ, ಪಕ್ಕದ ರೂಮಿನವ್ರೂ ಕೇಳ್ಕೊಂಡು ಬರ್ತಾರೆ.