ತಮ್ಮ ಆಸ್ಪತ್ರೆಗೆ ಬರಲ್ಲ ಅಂತಾನೆ, ನಾವು ಸಹಿ ಮಾಡಿದರೆ ಸಾಕಾ?

ಜಮಖಂಡಿಯವ:
ತಮ್ಮನಿಗೆ ಇಪ್ಪತ್ತೇಳು ವರ್ಷ. ದೀಪಾವಳಿ ಆದಮೇಲಿಂದ ನಿದ್ದೆ ಇಲ್ಲ. ಊಟದಲ್ಲಿ ಯಾರೋ ಏನೋ ಹಾಕುತ್ತಿದ್ದಾರೆ ಅಂತ ಅವ್ವ ಬಡಿದ ರೊಟ್ಟಿಯನ್ನೂ ಮುಟ್ಟುವುದಿಲ್ಲ, ಅಂಗಡಿಯಿಂದ ಬಿಸ್ಕೆಟ್ ಪ್ಯಾಕೆಟ್ ತಂದು, ಸೀಲ್ ತಿರುಗಿಸಿ ಮುರುಗಿಸಿ ನೋಡಿ, ಬಾಗಿಲು ಹಾಕಿಕೊಂಡು ತಿನ್ನುತ್ತಾನೆ. ಹೋದ ವಾರ ಅಪ್ಪನ ಮೇಲೆ ಸಲಿಕೆ ಎತ್ತಿದ. ಡಾಕ್ಟರ ಹತ್ತಿರ ಹೋಗೋಣ ಅಂದರೆ ನಿಮಗೇ ತಲೆ ಕೆಟ್ಟಿದೆ ಅನ್ನುತ್ತಾನೆ. ಗುಳಿಗೆ ಪುಡಿ ಮಾಡಿ ಮಜ್ಜಿಗೆಯಲ್ಲಿ ಹಾಕು ಅಂತ ಮಾವ ಗಂಟುಬಿದ್ದಿದ್ದಾರೆ. ಒಂದು ಖಾಸಗಿ ಆಸ್ಪತ್ರೆಯಲ್ಲಿ ವಿಚಾರಿಸಿದೆ. ಮನೆಯವರು ಯಾರಾದರೂ ಸಹಿ ಹಾಕಿ, ಗಾಡಿ ಕಳಿಸಿ ಎತ್ತಿಕೊಂಡು ಬರುತ್ತೇವೆ, ಎಷ್ಟು ದಿನ ಅಂತ ಆಮೇಲೆ ನೋಡೋಣ ಅಂದರು. ಇದು ಸರೀನಾ?

ಗೋಕಾಕ ವಕೀಲ:
ಎರಡೂ ಬೇಡ. 1987ರ ಹಳೇ ಕಾಯ್ದೆ ಹೋಗಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದಿದೆ. ಅದರಲ್ಲಿ ಮೊದಲು ನೋಡುವುದು ಮನೆಯವರ ಸಹಿಯನ್ನಲ್ಲ, ತನ್ನ ಚಿಕಿತ್ಸೆ ಬಗ್ಗೆ ತಾನೇ ತೀರ್ಮಾನ ಮಾಡುವ ಶಕ್ತಿ ನಿಮ್ಮ ತಮ್ಮನಿಗೆ ಇದೆಯಾ ಅಂತ. ಡಾಕ್ಟರು ಹೇಳಿದ್ದು ಅರ್ಥ ಆಗುತ್ತಾ, ಬೇಡ ಅಂದರೆ ಏನಾದೀತು ಅನ್ನೋದು ಗೊತ್ತಾಗುತ್ತಾ ಅಂತ ನೋಡುತ್ತಾರೆ. ಅವನ ತೀರ್ಮಾನ ನಿಮಗೆ ತಪ್ಪು ಅನಿಸಿತು ಅನ್ನುವುದಷ್ಟೇ ಸಾಲದು, ಕಾಯ್ದೆಯ 4ನೇ ಕಲಮಿನಲ್ಲೇ ಹಾಗಿದೆ.

ಶಕ್ತಿ ಇದ್ದರೆ ಅವನ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಇಲ್ಲ. ಇಲ್ಲದಿದ್ದರೆ ಅವನು ಒಪ್ಪದಿದ್ದರೂ ದಾಖಲು ಮಾಡುವುದಕ್ಕೆ 89ನೇ ಕಲಮು ಇದೆ. ಅರ್ಜಿ ಕೊಡುವವರು ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಅವನ ಪರವಾಗಿ ಮಾತಾಡುವವರು. ಅವನು ಮೊದಲೇ ಯಾರನ್ನೂ ಗೊತ್ತು ಮಾಡಿಲ್ಲದಿದ್ದರೆ ಮನೆಯವರಲ್ಲಿ ಒಬ್ಬರು ಆಗಬಹುದು. ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು, ಅದರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಆ ಪರೀಕ್ಷೆ ಅವನು ಆಸ್ಪತ್ರೆಗೆ ಸೇರಿದ ದಿನ ಅಥವಾ ಅದಕ್ಕಿಂತ ಹಿಂದಿನ 7 ದಿನದೊಳಗೆ ಆಗಿರಬೇಕು. ತನಗೋ ಬೇರೆಯವರಿಗೋ ಅಪಾಯ, ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿ ಕಾಣಬೇಕು. ಸಲಿಕೆ ಎತ್ತಿದ್ದನ್ನು ಅವರ ಮುಂದೆ ಇದ್ದಹಾಗೆ ಹೇಳಿ, ಜಾಸ್ತಿ ಮಾಡಿ ಹೇಳಬೇಡಿ.

ಹೀಗೆ ದಾಖಲು ಮಾಡಿಕೊಂಡರೆ ಹೆಚ್ಚೆಂದರೆ 30 ದಿನ. ಆಸ್ಪತ್ರೆಯವರು 7 ದಿನದೊಳಗೆ ಪರಿಶೀಲನಾ ಮಂಡಳಿಗೆ (ಇಂಥ ದಾಖಲಾತಿ ಸರಿಯಾ ಅಂತ ನೋಡಲು ಈ ಕಾಯ್ದೆಯಡಿ ಇರುವ ಮಂಡಳಿ) ತಿಳಿಸಬೇಕು, ಹೆಣ್ಣುಮಕ್ಕಳಾದರೆ 3 ದಿನ. 30 ದಿನ ದಾಟಿದರೆ ಮಂಡಳಿಯ ಒಪ್ಪಿಗೆ ಬೇಕು. ‘ಆಮೇಲೆ ನೋಡೋಣ’ ಅನ್ನುವವರನ್ನು ಮಂಡಳಿಗೆ ಯಾವತ್ತು ಬರೆಯುತ್ತೀರಿ ಅಂತ ಕೇಳಿ, ಮುಖ ನೋಡಿ.

ಗೋಳಗುಮ್ಮಟದ ನೆರಳು:
ನಾನು ಆ ಕಡೆಯವನು, ಅಂದರೆ ದಾಖಲಾಗಿದ್ದವನು. ವಿಜಯಪುರ. ದೇವಸ್ಥಾನಕ್ಕೆ ಅಂತ ಹೇಳಿ ಕರೆದುಕೊಂಡು ಹೋಗಿ ವಾರ್ಡಿನಲ್ಲಿ ಬಿಟ್ಟು ಬಂದರು, ಗುಳಿಗೆಯಿಂದ ಗುಣ ಆಯಿತು ನಿಜ, ಆದರೆ ಮನೆಯವರು ಎಲ್ಲಿಗಾದರೂ ಹೋಗೋಣ ಅಂದರೆ ಬಸ್ಸಿನ ಬೋರ್ಡು ಓದದೆ ಈಗಲೂ ಹತ್ತುವುದಿಲ್ಲ.

ಮಜ್ಜಿಗೆ ವಿಷಯ ದಯವಿಟ್ಟು ಬಿಡಿ. ಊಟದಲ್ಲಿ ಏನೋ ಹಾಕುತ್ತಾರೆ ಅನ್ನುವುದೇ ಅವನ ಭಯ, ಅಲ್ವಾ? ಹಾಕಿದರೆ ಅವನು ಹೇಳಿದ್ದು ಖರೇ ಆಯಿತಲ್ಲ. ಒಂದು ದಿನ ಗೊತ್ತಾದರೆ ಆಮೇಲೆ ಯಾವ ಡಾಕ್ಟರು ಕೊಟ್ಟದ್ದನ್ನೂ ನುಂಗುವುದಿಲ್ಲ.

ಗುಣ ಆದಮೇಲೆ ನಾನು ಮುಂಗಡ ನಿರ್ದೇಶನ ಬರೆದಿಟ್ಟಿದ್ದೇನೆ. ಮತ್ತೆ ಹಾಗಾದರೆ ಎಂಥ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು ಅಂತ. ತುರ್ತು ಚಿಕಿತ್ಸೆಗೆ ಅದು ನಡೆಯುವುದಿಲ್ಲ. ನಿಮ್ಮ ತಮ್ಮನೂ ತಿಳಿಯಾದ ಮೇಲೆ ಬರೆಯಲಿ.

ಜಮಖಂಡಿಯವ:
ಮಾವನಿಗೆ ಇದನ್ನೇ ಓದಿಸುತ್ತೇನೆ. ಇವತ್ತು ರಾತ್ರಿ ಮತ್ತೆ ಸಲಿಕೆ ಎತ್ತಿದರೆ? ಪೊಲೀಸರನ್ನು ಕರೆಯೋಕೆ ಅವ್ವ ಬಿಡುವುದಿಲ್ಲ, ಲಾಕಪ್ಪಿಗೆ ಹಾಕುತ್ತಾರೆ ಅಂತ ಅಳುತ್ತಾಳೆ.

ತಾಲೂಕು ಆಸ್ಪತ್ರೆ ಸಿಸ್ಟರ್:
ಹಾಕುವ ಹಾಗಿಲ್ಲ ಅಂತ ಅವ್ವನಿಗೆ ಹೇಳಿ. ಕಾಯಿಲೆಯಿಂದ ತನಗೋ ಬೇರೆಯವರಿಗೋ ಅಪಾಯ ಮಾಡುವವನನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡರೆ 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆತರಬೇಕು. ಲಾಕಪ್ಪು, ಜೈಲು ಎರಡೂ ಇಲ್ಲ. ಅಂಥ ಹೊತ್ತಿನಲ್ಲಿ ನೋಂದಾಯಿತ ಡಾಕ್ಟರು ಯಾರೇ ಆಗಲಿ 72 ಗಂಟೆವರೆಗೆ ತುರ್ತು ಚಿಕಿತ್ಸೆ ಕೊಡಬಹುದು, ಪ್ರತಿನಿಧಿ ಜೊತೆಗಿದ್ದರೆ ಅವರ ಒಪ್ಪಿಗೆ ಕೇಳುತ್ತಾರೆ. ಆದರೆ ತುರ್ತು ಅಂತ ಹೇಳಿ ಕರೆಂಟ್ ಚಿಕಿತ್ಸೆ ಕೊಡುವಂತಿಲ್ಲ. ಮನೆಯಲ್ಲಾಗಲಿ ಬೇರೆ ಎಲ್ಲೇ ಆಗಲಿ ಸರಪಳಿ ಹಾಕಿ ಕಟ್ಟಬೇಡಿ.

ಸಲಿಕೆ, ಕುಡಗೋಲು ಎಲ್ಲ ಇವತ್ತೇ ಬೇರೆಯವರ ಮನೆಗೆ ಸಾಗಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಮನೋಚೈತನ್ಯ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ತಮ್ಮ ಬರದಿದ್ದರೂ ನೀವು ಹೋಗಿ ಮಾತಾಡಿ. ದಾಖಲು ಮಾಡಲೇಬೇಕು ಅಂತಾದರೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ.

ಜಮಖಂಡಿಯವ:
ಮಂಗಳವಾರ ಹೋಗುತ್ತೇನೆ. ಅಪ್ಪನನ್ನು ಕಂಡರೆ ಅವನಿಗೆ ಆಗಲ್ಲ. ಬೆಳಗಾವಿಯಲ್ಲಿರುವ ಅಕ್ಕನ ಮಾತು ಮಾತ್ರ ಸ್ವಲ್ಪ ಕೇಳುತ್ತಾನೆ. ಅಕ್ಕ ಪ್ರತಿನಿಧಿ ಆಗಬಹುದಾ, ಮದುವೆ ಆಗಿದೆ.

ಗೋಕಾಕ ವಕೀಲ:
ಮದುವೆಗೂ ಇದಕ್ಕೂ ಸಂಬಂಧ ಇಲ್ಲ. ತಮ್ಮನೇ ಅಕ್ಕನ ಹೆಸರನ್ನು ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಇನ್ನೂ ಚಲೋ, ಸ್ಟಾಂಪ್ ಪೇಪರ್ ಬೇಕಿಲ್ಲ. ಅಕ್ಕನೂ ಒಪ್ಪಿದ್ದೇನೆ ಅಂತ ಬರೆದುಕೊಡಬೇಕು. ಮತ್ತೆ, ಖಾಲಿ ಫಾರ್ಮಿಗೆ ಮಾತ್ರ ಯಾರೂ ಸಹಿ ಹಾಕಬೇಡಿ.